ಸ್ವಲ್ಪ ಬಿಟ್ಟು ಇಳಿಸಿ

“ಓಡ್ತಿರುವಾಗ್ಲೇ ನೋಡ್ಬೇಕು ಮೇಡಂ. ನಿಲ್ಲಿಸಿದ್ರೆ ಸುಳ್ಳು ಹೇಳುತ್ತೆ.”

“ಯಾವುದು ಸುಳ್ಳು ಹೇಳುತ್ತೆ?”

“ಅದೇ.”

“ಅದೇ ಅಂದ್ರೆ ಯಾವುದಪ್ಪಾ? ಒಂದೇ ಒಂದು ಸಲ ಬಾಯಿ ಬಿಟ್ಟು ಪೂರ್ತಿ ಹೇಳು.”

“ಕಡ್ಡಿ,” ಎಂದ ಗ್ಯಾರೇಜಿನ ಮೇಸ್ತ್ರಿ, ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ ನನ್ನ ಮುಖ ನೋಡಿ. “ಎಣ್ಣೆ ಕಡ್ಡಿ.”

ಅವನ ಎಡಗೈಗೆ ಬೇಡಿ, ಬೇಡಿಯ ಇನ್ನೊಂದು ತುದಿ ಕಾನ್‌ಸ್ಟೇಬಲ್ ಕೈಯಲ್ಲಿ. ಇಬ್ಬರೂ ಜೋಡೆತ್ತಿನ ಹಾಗೆ ಆ ಕೆಂಪು ಕಾರಿನ ಹಿಂಭಾಗಕ್ಕೆ ಬಗ್ಗಿದ್ದರು. ಹಳೆಯ ಸ್ಪೋರ್ಟ್ಸ್ ಕಾರು ಅದು. ಇಬ್ಬರು ಮಾತ್ರ ಕೂರಬಹುದು, ಎಂಜಿನ್ನು ಹಿಂದೆ, ಹೊಟ್ಟೆ ನೆಲಕ್ಕೆ ತಾಗುತ್ತದೇನೋ ಅನ್ನಿಸುವಷ್ಟು ತಗ್ಗು. ಅದರ ಸದ್ದಿಗೆ ಷೆಡ್ಡಿನ ತಗಡೆಲ್ಲ ಅದುರುತ್ತಿತ್ತು. ಈ ಸಲ ಷಟರನ್ನು ಪೂರ್ತಿ ಮೇಲಕ್ಕೆ ಎತ್ತಿಸಿ, ಅದರ ಕೆಳಗೆ ನಾನೇ ನಿಂತಿದ್ದೆ.

ಕಳೆದ ಸೋಮವಾರ ಬೆಳಿಗ್ಗೆ ಇದೇ ಕಾರಿನ ಕೆಳಗಿನ ಗುಂಡಿಯಲ್ಲಿ, ಈ ಮನೆಯ ಯಜಮಾನರಾದ ಹಲ್ಲಿನ ಡಾಕ್ಟರು ಎಂಜಿನ್ನಿನ ಹೊಗೆ ಕುಡಿದು ಸತ್ತಿದ್ದರು. ಷಟರು ನೆಲದಿಂದ ಒಂದು ಗೇಣು ಬಿಟ್ಟು ಇಳಿದಿತ್ತು.

ಮೇಸ್ತ್ರಿ ಕಡ್ಡಿ ಎಳೆದ. ತನ್ನ ಪ್ಯಾಂಟಿಗೆ ಒರೆಸಿ ಮತ್ತೆ ಅದ್ದಿ, ಮತ್ತೆ ಎಳೆದು ಬೆಳಕಿಗೆ ಹಿಡಿದ. ಕಡ್ಡಿಯ ತುದಿಯಲ್ಲಿ ಎರಡು ಗೆರೆ. ಎಣ್ಣೆ ಮೇಲಿನ ಗೆರೆಗಿಂತ ಒಂದು ಕೂದಲೆಳೆಯಷ್ಟು ಕೆಳಗೆ ನಿಂತಿತ್ತು.

“ಸರಿಯಾಗಿದೆ,” ಎಂದ. “ಡಾಕ್ಟ್ರು ಸರಿಯಾಗೇ ಮಾಡಿದ್ದಾರೆ.”

“ಎಂಜಿನ್ ಆಫ್ ಮಾಡ್ರಿ, ತಲೆ ಸಿಡೀತಿದೆ,” ಎಂದರು ಇನ್ಸ್‌ಪೆಕ್ಟರ್. ಸದ್ದು ನಿಂತ ಮೇಲೆ ನನ್ನ ಕಡೆ ತಿರುಗಿದರು. “ಈಗೇನು ಸಾಬೀತಾಯ್ತು ಮೇಡಂ?”

“ಎಣ್ಣೆ ಜಾಸ್ತಿ ಆಗಿತ್ತು. ಡಾಕ್ಟ್ರು ಸಾಯೋ ಮುಂಚೆ ಅದನ್ನ ಇಳಿಸಿ ಮುಗಿಸಿದ್ರು.”

“ಇಳಿಸಿರ್ಲಿ. ಷಟರ್ ಇಳಿಸು ಅಂದಿದ್ದು ಇವನೇ ತಾನೆ?”

ಅಂದವರೇ ಫೋನು ತೆಗೆದು ಆ ಸಂದೇಶವನ್ನು ಮತ್ತೆ ಹಾಕಿದರು. ಸತ್ತವರ ಫೋನಿಗೆ ಮೇಸ್ತ್ರಿ ಕಳಿಸಿದ ಧ್ವನಿ. ನನಗೆ ಅದು ಬಾಯಿಪಾಠವಾಗಿಬಿಟ್ಟಿತ್ತು.

‘ಜಾಸ್ತಿ ಆಗಿದೆ ಸಾರ್, ಅದಕ್ಕೇ ಹೊಗೆ. ಬಿಸಿ ಮಾಡ್ಕೊಳ್ಳಿ. ಆಮೇಲೆ ಇಳಿಸಿ. ಪೂರ್ತಿ ಬೇಡ, ಸ್ವಲ್ಪ ಬಿಟ್ಟು ಇಳಿಸಿ. ಓಡ್ತಿರುವಾಗ್ಲೇ ನೋಡಿ, ನಿಲ್ಲಿಸ್ಬಿಟ್ರೆ ಗೊತ್ತಾಗಲ್ಲ.’

ಇಷ್ಟೇ ಮಾತು. ಈ ಇಷ್ಟು ಮಾತೇ ಅವನ ಕತ್ತು ಹಿಡಿದಿತ್ತು. ಏನು ಜಾಸ್ತಿ ಆಗಿದೆ, ಏನನ್ನು ಇಳಿಸಬೇಕು, ಏನನ್ನು ನೋಡಬೇಕು, ಒಂದನ್ನೂ ಪುಣ್ಯಾತ್ಮ ಹೇಳಿಲ್ಲ. ಹೊಗೆ ಜಾಸ್ತಿಯಾಗಿ ಎದುರುಮನೆಯವರು ಕೂಗಾಡುತ್ತಿದ್ದರು, ಅದಕ್ಕೇ ಷಟರ್ ಇಳಿಸಿಕೊಂಡು ಎಂಜಿನ್ ಓಡಿಸಿ ಅಂದ, ಡಾಕ್ಟರು ಹಾಗೇ ಮಾಡಿ ಸತ್ತರು. ಇದು ಪೊಲೀಸರ ಲೆಕ್ಕ. ನಿರ್ಲಕ್ಷ್ಯದಿಂದ ಸಾವು. ಮಧ್ಯಾಹ್ನ ಕೋರ್ಟಿಗೆ ಹಾಜರುಪಡಿಸಿ ಜೈಲಿಗೆ ಕಳಿಸುವುದೊಂದೇ ಬಾಕಿ.

ನಾನು ಪೊಲೀಸಿನವಳಲ್ಲ. ವಕೀಲರಿಗೆ ಪತ್ತೆ ಕೆಲಸ ಮಾಡಿಕೊಟ್ಟು ಹೊಟ್ಟೆ ಹೊರೆಯುವವಳು. ಕಾರು ಕಂಡರೆ ನನಗೆ ಆಗುವುದಿಲ್ಲ, ಬಸ್ಸೇ ಸರಿ. ಮೇಸ್ತ್ರಿಯ ಹೆಂಡತಿ ನನ್ನ ಬಾಗಿಲಲ್ಲಿ ಕೂತು ಏಳಲಿಲ್ಲವೆಂದು ಈ ಹಳ್ಳಕ್ಕೆ ಬಿದ್ದಿದ್ದೆ.

“ಇಳಿಸಿ ಅಂದ್ರೆ ಎಣ್ಣೆ ಸಾರ್,” ಎಂದ ಮೇಸ್ತ್ರಿ. “ನಮ್ಮ ಕೆಲಸದಲ್ಲಿ ಹಾಗೇ ಅನ್ನೋದು. ಡಾಕ್ಟ್ರಿಗೆ ಅರ್ಥ ಆಗುತ್ತೆ.”

“ಡಾಕ್ಟ್ರನ್ನ ಕರೆದು ಕೇಳೋಣವಾ?” ಎಂದರು ಇನ್ಸ್‌ಪೆಕ್ಟರ್.

ನನಗೆ ಮೈ ಉರಿಯಿತು. ಆದರೆ ಮೇಸ್ತ್ರಿ ಮೇಲೂ ಸಿಟ್ಟು ಬಂತು.

“ಅದಿರಲಿ, ಎಣ್ಣೆ ಜಾಸ್ತಿ ಆಗಿದ್ದು ಹೇಗೆ? ಸರ್ವಿಸ್ ಮಾಡಿದ್ದು ನೀನು. ಬೇರೆ ಯಾರಾದ್ರೂ ಸುರಿದ್ರಾ?”

ಅವನು ನೆಲ ನೋಡಿದ.

“ಬಾಯಿಗೆ ಬೀಗ ಹಾಕ್ಕೊಂಡ್ರೆ ನಾನು ಈಗ್ಲೇ ಮನೆಗೆ ಹೋಗ್ತೀನಿ.”

“ನಾನೇ,” ಎಂದ. “ಅವಸರ. ತಣ್ಣಗಿತ್ತು. ಕಡ್ಡಿ ಒಣಗಿತ್ತು. ಸುರಿದೆ.”

ತುಂಡು ತುಂಡಾಗಿ ಬಂದದ್ದನ್ನು ನಾನೇ ಹೊಲಿದುಕೊಂಡೆ. ಬೇರೆ ಕಾರುಗಳಲ್ಲಿ ಎಂಜಿನ್ ನಿಲ್ಲಿಸಿ ಎಣ್ಣೆ ನೋಡುತ್ತಾರಂತೆ. ಈ ಕಾರಿನಲ್ಲಿ ಎಣ್ಣೆಗೆ ಬೇರೆಯದೇ ಡಬ್ಬ. ಎಂಜಿನ್ ನಿಂತು ತಣ್ಣಗಾದರೆ ಎಣ್ಣೆ ಡಬ್ಬ ಬಿಟ್ಟು ಎಂಜಿನ್ನಿನ ತಳಕ್ಕೆ ಹೋಗಿ ಕೂರುತ್ತದೆ, ಕಡ್ಡಿಗೆ ಏನೂ ಅಂಟುವುದಿಲ್ಲ. ಬಿಸಿಯಾಗಿ ಓಡುವಾಗ ಪಂಪು ಅದನ್ನು ಎಳೆದು ಡಬ್ಬಕ್ಕೆ ತುಂಬುತ್ತದೆ, ಆಗ ನೋಡಿದರೆ ಮಾತ್ರ ನಿಜ. ಇದು ಮೇಸ್ತ್ರಿಗೆ ಗೊತ್ತಿಲ್ಲದ್ದೇನಲ್ಲ. ಅಂಗಡಿಯಲ್ಲಿ ಗಿರಾಕಿಗಳ ಎದುರು ಬಡಾಯಿ ಕೊಚ್ಚಿಕೊಳ್ಳುತ್ತಿದ್ದಾಗ ಕೈ ತನ್ನ ಪಾಡಿಗೆ ರೂಢಿಯಂತೆ ಕೆಲಸ ಮಾಡಿಬಿಟ್ಟಿತ್ತು. ಹೆಚ್ಚಾದ ಎಣ್ಣೆ ಡಬ್ಬದ ಉಸಿರು ಕೊಳವೆಯಿಂದ ಉಕ್ಕಿ ಎಂಜಿನ್ನಿನೊಳಗೆ ಸುಟ್ಟು ಬೀದಿ ತುಂಬ ಹೊಗೆಯಾಯಿತು.

“ಡಾಕ್ಟ್ರು ಫೋನ್ ಮಾಡಿದಾಗ ನೀನೇ ಬಂದು ಸರಿ ಮಾಡ್ಬೇಕಿತ್ತು ತಾನೆ?”

“ನಾಚಿಕೆ ಆಯ್ತು ಮೇಡಂ.”

ಹಾಳಾದ ನಾಚಿಕೆ. ಅದಕ್ಕೆ ಒಬ್ಬರ ಜೀವ ಹೋಗಿತ್ತು. ಇವನೇನು ಹಾಲಿನಲ್ಲಿ ತೊಳೆದವನಲ್ಲ. ಆದರೆ ಎಣ್ಣೆ ಜಾಸ್ತಿ ಸುರಿಯುವುದು ಬೇರೆ, ಮನುಷ್ಯನ ಮೇಲೆ ಷಟರ್ ಎಳೆಯುವುದು ಬೇರೆ.

ನಾನು ಗುಂಡಿಯ ಮೆಟ್ಟಿಲಿಳಿದೆ. ಮಂಡಿ ಕಟಕಟ ಎಂದಿತು. ಆಳೆತ್ತರದ ಗುಂಡಿ, ಮೇಲೆ ಕಾರಿನ ಹೊಟ್ಟೆ, ಉಳಿದ ಬೆಳಕು ಹಿಂದಿನ ಮೆಟ್ಟಿಲ ಕಡೆಯಿಂದ ಬಂದಷ್ಟೇ. ಇಲ್ಲಿ ನಿಂತವನಿಗೆ ಷಟರು ಕಾಣುವುದಿಲ್ಲ. ಎಂಜಿನ್ ಓಡುತ್ತಿದ್ದರೆ ಅದು ಇಳಿದದ್ದು ಕೇಳಿಸುವುದೂ ಇಲ್ಲ. ಮೂಲೆಯಲ್ಲಿ ಡಾಕ್ಟರು ಕ್ಲಿನಿಕ್ಕಿನಿಂದ ತಂದ ಗಾಜಿನ ಅಳತೆ ಜಾಡಿ ಹಾಗೇ ಇತ್ತು. ಅದರಲ್ಲಿ ತಳದ ಬೋಲ್ಟು ಸಡಿಲಿಸಿ ಹಿಡಿದ ಎಣ್ಣೆ, ಅರ್ಧಕ್ಕಿಂತ ತುಸು ಮೇಲೆ. ಪಾಪ, ರೋಗಿಯ ಬಾಯಿ ನೋಡುವಷ್ಟೇ ಶ್ರದ್ಧೆಯಿಂದ ಮಾಡಿದ್ದರು. ಎಣ್ಣೆ ಇಳಿಸಿ, ಬೋಲ್ಟು ಬಿಗಿದು, ಎಂಜಿನ್ ಹಾಕಿ, ಕಡ್ಡಿ ನೋಡಿ, ಬೋಲ್ಟು ಸೋರುತ್ತಿದೆಯೇ ಎಂದು ಟಾರ್ಚು ಹಿಡಿದು ಮತ್ತೆ ಕೆಳಗೆ ಬಂದಿದ್ದರು. ಆ ಟಾರ್ಚು ಕೈಯಲ್ಲಿರುವಾಗಲೇ ಕುಸಿದಿದ್ದರು.

ಮೇಲೆ ಬಂದು ಇನ್ಸ್‌ಪೆಕ್ಟರ್ ಎದುರು ನಿಂತೆ.

“ಎದುರಿನ ಅಂಗಡಿ ಟೈಲರ್ ಏನು ಹೇಳಿದ್ದಾನೆ ಸಾರ್?”

“ಡಾಕ್ಟ್ರು ಕಡ್ಡಿ ನೋಡಿ ಗುಂಡಿಗೆ ಇಳಿದ್ರು, ಆಗ ಷಟರ್ ಪೂರ್ತಿ ಮೇಲಿತ್ತು, ಆಮೇಲೆ ಗಿರಾಕಿ ಬಂದ್ರು, ತಾನು ನೋಡ್ಲಿಲ್ಲ ಅಂತ.”

“ಕೈಯಲ್ಲಿ ಏನಿತ್ತಂತೆ?”

“ಗ್ಲೌಸು. ಕರೀ ಎಣ್ಣೆ ಮೆತ್ತಿತ್ತಂತೆ.”

“ಹೆಣದ ಕೈಯಲ್ಲೂ ಅದೇ ಗ್ಲೌಸು, ಅದೇ ಎಣ್ಣೆ. ಅಂದ್ರೆ ಡಾಕ್ಟ್ರು ಮತ್ತೆ ಮೇಲೆ ಬಂದು ಷಟರ್ ಎಳೆದಿದ್ರೆ ಆ ಎಣ್ಣೆ ಷಟರಿಗೆ ಅಂಟಬೇಕಿತ್ತು. ಎಲ್ಲಿದೆ ತೋರ್ಸಿ.”

ಷಟರಿನ ಒಳಮೈ ಬೂದು ಬಣ್ಣದ್ದು, ಹಿಡಿಯ ಹತ್ತಿರ ಒಂದು ಕಪ್ಪು ಚುಕ್ಕೆಯೂ ಇರಲಿಲ್ಲ. ಗುರುತು ಅಂತ ಇದ್ದದ್ದು ಹೊರಗಡೆ ತಳದ ಪಟ್ಟಿಯ ಮೇಲೆ, ಅರ್ಧಚಂದ್ರದ ಆಕಾರದ ಬಿಳೀ ಕಲೆ. ಸುಣ್ಣವೋ, ಬಣ್ಣವೋ. ಕಾನ್‌ಸ್ಟೇಬಲ್‌ನನ್ನು ಕೇಳಿದ್ದಕ್ಕೆ, ನಮ್ಮವರದ್ದೇ ಬೂಟಿನ ಧೂಳು ಬಿಡಿ ಮೇಡಂ ಎಂದಿದ್ದ. ಪೊಲೀಸ್ ಬೂಟಿಗೆ ಬಿಳೀ ಧೂಳು ಎಲ್ಲಿಂದ ಬಂತು ಎಂದು ನಾನು ತಲೆ ಕೆಡಿಸಿಕೊಂಡಿದ್ದೆ.

“ಇನ್ನೊಂದು,” ಎಂದೆ. “ಇಳಿಸಿ ಅನ್ನೋ ಮಾತನ್ನ ಡಾಕ್ಟ್ರು ಎಣ್ಣೆ ಅಂತ್ಲೇ ತಿಳ್ಕೊಂಡ್ರು. ಜಾಡಿಯೇ ಸಾಕ್ಷಿ. ಹೇಳಿದ್ದು ಒಂದೇ ಕೆಲಸ, ಅದನ್ನ ಮಾಡಿದ್ರು. ಷಟರ್ ಅಂತ ತಿಳ್ಕೊಂಡೋರು ಬೇರೆ ಯಾರೋ ಇದ್ದಾರೆ.”

“ಡಾಕ್ಟ್ರ ಹೆಂಡ್ತಿನೇ ಹೇಳಿಕೆ ಕೊಟ್ಟಿದ್ದಾರಲ್ಲ. ಮೇಸ್ತ್ರಿ ಷಟರ್ ಇಳಿಸೋಕೆ ಹೇಳಿದ, ನಮ್ಮನೆಯವ್ರು ಇಳಿಸ್ಕೊಂಡ್ರು ಅಂತ. ಸತ್ತೋನ ಹೆಂಡ್ತಿ ಮಾತು ಬಿಟ್ಟು ನಿಮ್ಮ ಎಣ್ಣೆ ಜಾಡಿ ಮಾತು ಕೇಳ್ಬೇಕಾ ಕೋರ್ಟು?”

“ಒಂದು ಸಲ ಅವರ ಹತ್ರ ಮಾತಾಡ್ತೀನಿ.”

ಇನ್ಸ್‌ಪೆಕ್ಟರ್ ಟೋಪಿ ತೆಗೆದು ಹಣೆ ಒರೆಸಿಕೊಂಡರು. ಕೆಟ್ಟ ಮನುಷ್ಯರಲ್ಲ, ಸುಸ್ತಾದ ಮನುಷ್ಯರು. “ಎದುರುಗಡೆ ಒಂದು ಟೀ ಕುಡೀತೀನಿ. ಕುಡಿದು ಬಂದ ತಕ್ಷಣ ಜೀಪ್ ಹೊರಡುತ್ತೆ,” ಎಂದರು.

ಗೇಟಿನ ಪಕ್ಕದ ಕಟ್ಟೆಯ ಮೇಲೆ ಮೇಸ್ತ್ರಿಯ ಹೆಂಡತಿ ಕೂತಿದ್ದಳು. ಗಂಡನಿಗೆ ತಂದ ಊಟದ ಡಬ್ಬಿ ತೊಡೆಯ ಮೇಲೆ. ಯಾರೂ ಅದನ್ನು ಒಳಗೆ ಬಿಟ್ಟಿರಲಿಲ್ಲ.

“ಏನಾಯ್ತಕ್ಕ?”

“ನಿನ್ನ ಗಂಡನಿಗೆ ಒಂದು ವಾಕ್ಯ ನೆಟ್ಟಗೆ ಮಾತಾಡೋಕೆ ಕಲಿಸಿದ್ರೆ ನಾವ್ಯಾರೂ ಇಲ್ಲಿ ಇರ್ತಿರಲಿಲ್ಲ ಕಣಮ್ಮ.”

ಆಕೆ ಅಳುವಿನ ಮಧ್ಯೆಯೇ ಸ್ವಲ್ಪ ನಕ್ಕಳು. “ಅಂಗಡೀಲಿ ಅವರಿಗೆ ಅರ್ಧಮಾತು ಅಂತ್ಲೇ ಹೆಸ್ರು. ಮನೇಲೂ ಹಾಗೇ. ಬಂದು ‘ಹಾಕು’ ಅಂತಾರೆ. ಅನ್ನ ಹಾಕ್ಲಾ, ಬಾಗಿಲು ಹಾಕ್ಲಾ, ಫ್ಯಾನ್ ಹಾಕ್ಲಾ ಅಂತ ನಾನೇ ಅಂದಾಜು ಮಾಡ್ಕೋಬೇಕು. ಆ ಹೊತ್ತಿಗೆ ನನ್ನ ಮನಸ್ಸಲ್ಲಿ ಏನಿರುತ್ತೋ ಅದನ್ನೇ ಹಾಕ್ತೀನಿ.” ಮತ್ತೆ ಅವಳ ಮುಖ ಇಳಿದುಹೋಯಿತು. “ಅವರನ್ನ ಒಳಗೆ ಹಾಕ್ಬಿಡ್ತಾರಾ ಅಕ್ಕ?”

ಅವಳ ಮಾತು ತಲೆಯಲ್ಲಿ ಕೂತುಬಿಟ್ಟಿತು. ಕೇಳಿದವರ ಮನಸ್ಸಿನಲ್ಲಿ ಏನಿರುತ್ತದೋ ಅದು. ಡಾಕ್ಟರ ಹೆಂಡತಿಯ ಮನಸ್ಸಿನಲ್ಲಿ ಏನಿದೆ ಎಂದು ನೋಡುವ ಉಪಾಯ ಆಗಲೇ ಹೊಳೆಯಿತು.

ಅಂಗಳ ದಾಟಿ ಮನೆಯೊಳಗೆ ಹೋದೆ. ನಡುಮನೆಯ ಪಕ್ಕದ ಕೋಣೆಯಲ್ಲಿ ಡಾಕ್ಟರ ತಮ್ಮ ಮೇಜಿನ ಹಿಂದೆ ನಿಂತು ರಬ್ಬರ್ ಬಟ್ಟಲಲ್ಲಿ ಏನೋ ಕಲಸುತ್ತಿದ್ದ. ಅಣ್ಣ ಬಾಯಿಯ ಅಚ್ಚು ತೆಗೆದು ಕಳಿಸಿದರೆ ಹಲ್ಲಿನ ಸೆಟ್ಟು ಮಾಡುವವನು ಇವನು. ಮೇಜಿನ ಮೇಲೆ ಗುಲಾಬಿ ವಸಡಿನ ಸೆಟ್ಟುಗಳು ಸಾಲಾಗಿ ಬಾಯಿ ತೆರೆದುಕೊಂಡಿದ್ದವು. ಅಣ್ಣ ಸತ್ತು ಇನ್ನೂ ವಾರವಾಗಿರಲಿಲ್ಲ, ಇವನ ಕೆಲಸ ನಿಂತಿರಲಿಲ್ಲ.

“ಸೋಮವಾರ ನೀವು ಮನೇಲಿ ಇರ್ಲಿಲ್ಲ, ಅಲ್ವಾ?”

“ಸೆಟ್ಟು ಕೊಡೋಕೆ ಕ್ಲಿನಿಕ್ಕಿಗೆ ಹೋಗಿದ್ದೆ. ಎಷ್ಟು ಸಲ ಹೇಳೋದು?” ಕೈ ನಿಲ್ಲಿಸದೆ ಅಂದ. “ಅತ್ತಿಗೆ ಅಡುಗೆಮನೇಲಿದ್ದಾರೆ. ಜಾಸ್ತಿ ಹೊತ್ತು ಕಾಡಬೇಡಿ.”

ಆಕೆ ಒಲೆಯ ಮುಂದೆ ಇದ್ದಳು. ನಲವತ್ತರ ಆಸುಪಾಸು, ಅತ್ತು ಅತ್ತು ಕಣ್ಣಿನ ಕೆಳಗೆ ಊದಿತ್ತು. ಹಾಲಿನ ಪಾತ್ರೆ ಒಲೆಗಿಟ್ಟು ಉರಿ ಸಣ್ಣ ಮಾಡಿ, ನನಗೊಂದು ಸ್ಟೂಲು ಎಳೆದು ಕೊಟ್ಟಳು. ಕಿಟಕಿಯಿಂದ ನೇರ ಎದುರಿಗೆ ಷೆಡ್ಡು ಕಾಣುತ್ತಿತ್ತು.

“ಮತ್ತೆ ಅದೇ ಕೇಳೋಕೆ ಬಂದ್ರಾ?”

“ಇಲ್ಲಮ್ಮ, ಹೊರಟಿದ್ದೀನಿ. ಮಹಜರಿಗೆ ಒಂದೇ ಒಂದು ವಿಷಯ ಬೇಕಿತ್ತು. ನಿಮ್ಮ ಯಜಮಾನ್ರು ಆವತ್ತು ಎಷ್ಟು ಇಳಿಸಿದ್ರು?”

“ಜಾಡಿ ಅರ್ಧದ ಮೇಲೆ ಬಂದಿತ್ತು,” ಎಂದಳು. “ಇನ್ನು ಸಾಕೇನೋ ಅಂತ ನನ್ನನ್ನೇ ಕೇಳಿದ್ರು. ನನಗೇನು ಗೊತ್ತಾಗುತ್ತೆ...”

ಅಲ್ಲಿಗೇ ನಿಂತಳು.

ಆಕೆಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

“ಎಷ್ಟು ಇಳಿಸಿದ್ರು ಅಂದೆ,” ಎಂದೆ. “ಏನನ್ನ ಅಂತ ನಾನು ಹೇಳ್ಲಿಲ್ಲ. ಪೊಲೀಸರಿಗೆ ನೀವು ಹೇಳಿದ್ದು ನಿಜವಾಗಿದ್ರೆ ಈಗ ಷಟರ್ ಅನ್ನಬೇಕಿತ್ತು. ಗೇಣು ಬಿಟ್ಟು ಅನ್ನಬೇಕಿತ್ತು.”

“ನಾನು... ಜಾಡಿ ಆಮೇಲೆ ನೋಡಿದ್ದು. ಪೊಲೀಸರು ತೋರಿಸಿದಾಗ.”

“ಸಾಕೇನೋ ಅಂತ ಕೇಳಿದ್ದು ಪೊಲೀಸರಾ?”

ಆಕೆ ಒಲೆಯ ಕಟ್ಟೆ ಹಿಡಿದುಕೊಂಡಳು.

“ಷೆಡ್ಡಿನ ಕಡೆ ಹೋಗೇ ಇಲ್ಲ ಅಂತ ಹೇಳಿಕೆ ಕೊಟ್ಟಿದ್ದೀರಿ. ಹೋಗಿದ್ರಿ. ಇಳಿಸಿ ಅಂದ್ರೆ ಎಣ್ಣೆ ಅಂತ ನಿಮಗೆ ಆವತ್ತೇ ಗೊತ್ತಿತ್ತು. ಗೊತ್ತಿದ್ದೂ ಷಟರ್ ಅಂದ್ರಿ. ಪೊಲೀಸರ ಬಾಯಿಗೆ ಆ ಮಾತು ಇಟ್ಟಿದ್ದೇ ನೀವು. ಹೊರಗೆ ಒಬ್ಬ ಹೆಂಗಸು ಗಂಡನ ಊಟ ತೊಡೆ ಮೇಲೆ ಇಟ್ಕೊಂಡು ಕೂತಿದ್ದಾಳೆ, ನೋಡಿದ್ರಾ?”

“ಮೆಲ್ಲಗೆ ಮಾತಾಡಿ,” ಎಂದಳು. “ದಮ್ಮಯ್ಯ ಅಂತೀನಿ. ಅತ್ತೆಗೆ ಕೇಳಿಸುತ್ತೆ.”

“ಕೇಳಿಸಿದ್ರೆ ಏನಾಗುತ್ತೆ?”

ಆಕೆ ಹೋಗಿ ಬಾಗಿಲು ಮುಂದೂಡಿ ಬಂದಳು. ಬಂದವಳು ನಿಲ್ಲಲಾಗದೆ ನೆಲದ ಮೇಲೇ ಕೂತಳು.

“ಅತ್ತೆ ಇಳಿಸಿದ್ದು,” ಎಂದಳು.

ನಾನು ಸ್ಟೂಲನ್ನು ಆಕೆಯ ಹತ್ತಿರಕ್ಕೆ ಎಳೆದುಕೊಂಡೆ.

“ಮೆಸೇಜ್ ಬಂದಾಗ ನಾವೆಲ್ಲ ಊಟದ ಮೇಜಿನ ಹತ್ರ ಇದ್ವಿ. ಅವರು ಯಾವಾಗ್ಲೂ ಜೋರಾಗೇ ಹಾಕ್ಕೊಂಡು ಕೇಳೋದು. ಅವರು ಎದ್ದು ಹೋದ್ರು. ಅತ್ತೆ ಮಾತ್ರ ‘ಹೊಗೆ ಜಾಸ್ತಿ ಆಗಿದೆ, ಇಳಿಸು ಅಂದ್ರೂ ಇವನು ಕೇಳಲ್ಲ’ ಅಂತ ಗೊಣಗ್ತಾನೇ ಇದ್ರು. ಎದುರುಮನೆಯೋರು ಬೈದಿದ್ದು ಅವರಿಗೆ ಅವಮಾನ ಆಗಿತ್ತು. ಆಮೇಲೆ ಈ ಕಿಟಕಿಯಿಂದ ನೋಡ್ತೀನಿ, ಕೊಕ್ಕೆ ಕೋಲು ಹಿಡ್ಕೊಂಡು ಷಟರ್ ಎಳೀತಿದ್ದಾರೆ. ನನ್ನ ತಲೆಗೇ ಹೋಗ್ಲಿಲ್ಲ. ಸಾರು ಸೀದು ಹೋಗ್ತಿದೆ ಅಂತ ಈ ಕಡೆ ತಿರುಗಿದೆ.”

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅವರು ಎದೆ ನಿಂತು ಸತ್ರು ಅಂತ ಅತ್ತೆಗೆ ಹೇಳಿದ್ದೀವಿ. ಹೊಗೆ ವಿಷಯ ಗೊತ್ತಿಲ್ಲ. ಹೆತ್ತ ಮಗನನ್ನ ನಾನೇ ಕೊಂದೆ ಅಂತ ಗೊತ್ತಾದ್ರೆ ಆ ಜೀವ ಉಳಿಯುತ್ತಾ ಹೇಳಿ. ಮೇಸ್ತ್ರಿ ಹೇಗಿದ್ರೂ ತಪ್ಪು ಮಾಡಿದ್ದ. ಎಣ್ಣೆ ಜಾಸ್ತಿ ಸುರಿದಿದ್ದು ಅವನೇ ತಾನೆ?”

ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡೆ. ಆಕೆಯನ್ನು ಬೈಯಲು ಮನಸ್ಸು ಬರಲಿಲ್ಲ, ಬಿಡಲೂ ಮನಸ್ಸು ಬರಲಿಲ್ಲ. ಒಬ್ಬಳ ಗಂಡನನ್ನು ಜೈಲಿಗೆ ಕಳಿಸಿ ಇನ್ನೊಬ್ಬಳ ನಿದ್ದೆ ಉಳಿಸುವುದು ಯಾವ ನ್ಯಾಯ? ಆ ಮುದುಕಿಗೆ ಸತ್ಯ ಹೇಳುವುದಾದರೂ ಯಾವ ನ್ಯಾಯ? ಈ ಕೆಲಸಕ್ಕೆ ಕೈ ಹಾಕಿದ ಗಳಿಗೆಯನ್ನು ಶಪಿಸಿಕೊಂಡೆ.

“ಇದನ್ನ ಇನ್ಸ್‌ಪೆಕ್ಟರ್‌ಗೆ ಹೇಳ್ಬೇಕು,” ಎಂದೆ ಕೊನೆಗೆ. “ಅತ್ತೆಯವರನ್ನ ಯಾರೂ ಜೈಲಿಗೆ ಹಾಕಲ್ಲ. ಗೊತ್ತಿಲ್ಲದೆ ಆಗಿದ್ದು. ಷಟರ್ ಎಳೆದಿದ್ದು ಡಾಕ್ಟ್ರಲ್ಲ ಅಂತಾದ್ರೆ ಸಾಕು.”

“ಷಟರ್ ವಿಷಯನಾ ಮಾತಾಡ್ತಿರೋದು?”

ಬಾಗಿಲು ತೆರೆದಿತ್ತು. ಅತ್ತೆ ನಿಂತಿದ್ದರು. ಎತ್ತರದ ಮುದುಕಿ, ಸೀರೆಯ ಮೇಲೆ ಸೊಂಟಕ್ಕೆ ಅಗಲವಾದ ಬೆಲ್ಟು ಬಿಗಿದಿತ್ತು, ಹಾಗಾಗಿ ಕಂಬದಂತೆ ನೆಟ್ಟಗಿದ್ದರು. ಅವರ ಹಿಂದೆ, ಟೀ ಮುಗಿಸಿ ಬಂದ ಇನ್ಸ್‌ಪೆಕ್ಟರ್.

“ಅದನ್ನ ನಾನೇ ಇಳಿಸಿದ್ದು,” ಎಂದರು ಅತ್ತೆ.

“ಅತ್ತೆ, ನೀವು ಹೋಗಿ ಮಲ್ಕೊಳ್ಳಿ.” ಸೊಸೆ ಎದ್ದು ನಿಂತಿದ್ದಳು.

“ಮಲಗಿ ಮಲಗಿ ಸಾಕಾಗಿದೆ ಕಣೇ. ಪೊಲೀಸ್ನೋರು ಮನೆ ತುಂಬ ಓಡಾಡ್ತಾರೆ, ನನ್ನನ್ನ ಒಬ್ರೂ ಒಂದು ಮಾತು ಕೇಳಲ್ಲ.” ನನ್ನ ಕಡೆ ತಿರುಗಿದರು. “ಮಗನಿಗೆ ಎದೆನೋವು ಬರೋ ಮುಂಚೆ ನಾನೇ ಕಣಮ್ಮ ಷಟರ್ ಇಳಿಸಿದ್ದು. ಯಾಕೆ, ಏನಾದ್ರೂ ಕಳುವಾಗಿದ್ಯಾ?”

ಸೊಸೆ ನನ್ನ ಕೈ ಹಿಡಿದಳು. ಉಗುರು ನಾಟುವ ಹಾಗೆ ಹಿಡಿದಳು. ಕೇಳಬೇಡಿ ಎಂದು ಅದರ ಅರ್ಥ. ನಾನು ಗೇಟಿನ ಕಟ್ಟೆಯ ಮೇಲಿನ ಊಟದ ಡಬ್ಬಿಯನ್ನು ನೆನಪಿಸಿಕೊಂಡು ಕೇಳಿದೆ.

“ಇಲ್ಲಮ್ಮ, ಏನೂ ಕಳುವಾಗಿಲ್ಲ. ಎಲ್ಲಿವರೆಗೆ ಇಳಿಸಿದ್ರಿ?”

“ಇಲ್ಲೀವರ್ಗೂ.” ಮುದುಕಿ ಅಂಗೈಯನ್ನು ಸೊಂಟದ ಬೆಲ್ಟಿನ ಪಕ್ಕ ಹಿಡಿದು ತೋರಿಸಿದರು. “ಸ್ವಲ್ಪ ಬಿಟ್ಟು ಅಂದಿದ್ನಲ್ಲ ಆ ಮೇಸ್ತ್ರಿ.”

“ಇನ್ನೂ ಕೆಳಗೆ ಎಳೀಲಿಲ್ವಾ? ಗೇಣು ಬಿಟ್ಟು?”

“ಹೇಗೆ ಎಳೀಲಮ್ಮ? ಈ ಬೆಲ್ಟು ಕಟ್ಟಿದ್ಮೇಲೆ ಬಗ್ಗೋ ಹಾಗೇ ಇಲ್ಲ. ಚಮಚ ಬಿದ್ರೂ ಇವಳನ್ನೇ ಕೂಗ್ಬೇಕು. ಕೊಕ್ಕೆ ಕೋಲು ಮೇಲಿಂದ ಎಳೆಯೋಕೆ, ಕೆಳಗೆ ತಳ್ಳೋಕೆ ಬರಲ್ಲ.”

ಇನ್ಸ್‌ಪೆಕ್ಟರ್ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಸೊಂಟದೆತ್ತರ ತೆರೆದಿದ್ದರೆ ಹೊಗೆ ಹೊರಗೆ ಹೋಗುತ್ತಿತ್ತು, ಡಾಕ್ಟರು ಇಷ್ಟು ಹೊತ್ತಿಗೆ ಕ್ಲಿನಿಕ್ಕಿನಲ್ಲಿ ಯಾರದೋ ಬಾಯಿ ನೋಡುತ್ತಿದ್ದರು. ಈ ತಾಯಿ ಮಗನನ್ನು ಕೊಂದಿರಲಿಲ್ಲ. ಸೊಸೆಯ ಹಿಡಿತ ಸಡಿಲಾಗುತ್ತದೆ ಎಂದು ನಾನು ಕಾದೆ. ಅದು ಸಡಿಲಾಗಲಿಲ್ಲ, ತಣ್ಣಗಾಯಿತು.

“ಅಮ್ಮಾ, ಮಾತ್ರೆ ತಗೊಳ್ಳೋ ಹೊತ್ತಾಯ್ತು.”

ಡಾಕ್ಟರ ತಮ್ಮ ನೀರಿನ ಲೋಟ ಹಿಡಿದು ಬಾಗಿಲಿಗೆ ಬಂದಿದ್ದ. ಆಗ ಮೊದಲ ಸಲ ಅವನ ಕಾಲು ನನ್ನ ಕಣ್ಣಿಗೆ ಬಿತ್ತು. ಕ್ಯಾನ್ವಾಸ್ ಶೂ. ಮುಂಭಾಗಕ್ಕೆ ಹಲ್ಲಿನ ಅಚ್ಚಿನ ಪ್ಲಾಸ್ಟರ್ ಪುಡಿ ಬಿಳಿಯಾಗಿ ಮೆತ್ತಿತ್ತು. ಷಟರನ್ನು ನೆಲದ ತನಕ ಇಳಿಸುವಾಗ ಯಾರೂ ಕೈಯಲ್ಲಿ ಒತ್ತುವುದಿಲ್ಲ, ಕಾಲಲ್ಲಿ ತುಳಿಯುತ್ತಾರೆ.

“ಇವನನ್ನೇ ಕೇಳಿ,” ಎಂದರು ಮುದುಕಿ, ಮಗ ಸಿಕ್ಕಿದ ನೆಮ್ಮದಿಯಲ್ಲಿ. “ನಾನು ಕೋಲು ಹಿಡ್ಕೊಂಡು ಒದ್ದಾಡ್ತಿದ್ದಾಗ ಬಂದವನು ಇವನೇ. ‘ನೀನು ಒಳಗೆ ಹೋಗಮ್ಮ, ಮಿಕ್ಕಿದ್ದು ನಾನು ಇಳಿಸ್ತೀನಿ’ ಅಂದ್ಯಲ್ಲೋ ಕಂದ. ಹೇಳು ಅವರಿಗೆ.”

ಅವನು ಲೋಟವನ್ನು ತಾಯಿಯ ಕೈಗಿಟ್ಟು ಹೊರಡಲು ತಿರುಗಿದ.

“ಕ್ಲಿನಿಕ್ಕಿಗೆ ಹೋಗಿದ್ದೆ ಅಂದ್ರಲ್ಲ,” ಎಂದರು ಇನ್ಸ್‌ಪೆಕ್ಟರ್. ಟೋಪಿ ಹಾಕಿಕೊಂಡು ಹಿಂದಕ್ಕೆ ಸರಿದು ದಾರಿಗೆ ಅಡ್ಡ ನಿಂತರು.

“ಯಾಕೆ, ಏನಾಯ್ತು?” ಎಂದರು ಮುದುಕಿ. “ಯಾಕೆ ಎಲ್ಲ ಹೀಗೆ ನಿಂತ್ರಿ?”

ಅವನು ತಾಯಿಯನ್ನು ನೋಡಲಿಲ್ಲ, ಇನ್ಸ್‌ಪೆಕ್ಟರನ್ನೂ ನೋಡಲಿಲ್ಲ. ನನ್ನ ಪಕ್ಕದಲ್ಲಿದ್ದವಳನ್ನೇ ನೋಡಿದ.

“ಅತ್ತಿಗೆ,” ಎಂದ. “ನಾನು ಅಲ್ಲಿ ನಿಂತಿದ್ದಾಗ ಈ ಕಿಟಕಿಯಿಂದ ‘ಇಳಿಸು’ ಅಂತ ಕೂಗಿದ್ದು ನೀವೇ ತಾನೆ?”

ಆಕೆಯ ಕೈ ನನ್ನ ಕೈಯಿಂದ ಜಾರಿತು.

“ಏನನ್ನ ಇಳಿಸು ಅಂದ್ರಿ?” ಎಂದು ಕೇಳಿದೆ. “ಎಣ್ಣೆ ಅಷ್ಟೊತ್ತಿಗೆ ಇಳಿಸಿ ಮುಗಿದಿತ್ತು, ಅದು ನಿಮಗೂ ಗೊತ್ತಿತ್ತು. ಹೇಳಿ. ಏನನ್ನ?”

ಆಕೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ಹಿಂದೆ ಒಲೆಯ ಮೇಲೆ ಹಾಲು ಉಕ್ಕಿ ಸುರಿಯುತ್ತಿತ್ತು. ಅದನ್ನು ಯಾರೂ ಇಳಿಸಲಿಲ್ಲ.